ಸಹಾಯ ಬೇಕು: ಅಲ್ಬೆಂಡಜೋಲ್ ಪ್ರಯೋಗಕ್ಕೆ ಪಿಹೆಚ್-ಸ್ಟ್ಯಾಟ್ (ಪಿಹೆಚ್ ಬದಲಾಗದಂತೆ ತಾನೇ ನೋಡಿಕೊಳ್ಳುವ ಯಂತ್ರ) ಎಲ್ಲಿ ಸಿಗುತ್ತದೆ?

ಎಲ್ಲರಿಗೂ ನಮಸ್ಕಾರ. ವಿರಾಜಪೇಟೆಯವಳು, ಎಂ.ಫಾರ್ಮ ಓದುತ್ತಿದ್ದೇನೆ. ಜಂತುಹುಳದ ಮಾತ್ರೆ ಅಲ್ಬೆಂಡಜೋಲ್ ಹೊಟ್ಟೆಯ ಆಮ್ಲದಲ್ಲಿ ಒಂದಿಷ್ಟು ಕರಗಿ, ಕರುಳಿಗೆ ಇಳಿದಾಗ ಮತ್ತೆ ಹರಳುಗಟ್ಟಿಬಿಡುತ್ತದೆ. ಸುಮಾರು 40 ಗ್ರಾಂ ಕೊಬ್ಬಿರುವ ಊಟದ ಜೊತೆ ನುಂಗಿದರೆ ರಕ್ತಕ್ಕೆ ಸೇರುವ ಪ್ರಮಾಣ ಸರಾಸರಿ 5 ಪಟ್ಟಿನವರೆಗೂ ಏರುತ್ತದೆ. (ಪಂದಿಕರಿ, ಕಡಂಬುಟ್ಟು ನೆನಪಾಯ್ತಲ್ಲ? ನನಗೂ ಆಯ್ತು.) ಇದನ್ನೇ ಗಾಜಿನ ಪಾತ್ರೆಯಲ್ಲಿ, 37 ಡಿಗ್ರಿಯಲ್ಲಿ ತೋರಿಸಬೇಕು.

ಖಾಲಿ ಹೊಟ್ಟೆಯ ಕರುಳ ದ್ರವದ ನಕಲು ತಯಾರಿಸುವುದು ಕಷ್ಟವಿಲ್ಲ: ಪಿಹೆಚ್ 6.5, ಸೋಡಿಯಂ ಟಾರೋಕೋಲೇಟ್ (ಪಿತ್ತದಲ್ಲಿರುವ ಲವಣ) 3 ಮಿಲಿಮೋಲಾರ್, ಲೆಸಿಥಿನ್ 0.75. ಊಟದ ನಂತರದ ದ್ರವಕ್ಕೆ ಪಿಹೆಚ್ 5, ಟಾರೋಕೋಲೇಟ್ 15, ಲೆಸಿಥಿನ್ 3.75 ಬೇಕು. ಟಾರೋಕೋಲೇಟ್ ಬೆಲೆ ಕೇಳಿದರೆ ತಲೆ ತಿರುಗುತ್ತದೆ! ಮೊದಲ ಸುತ್ತಿಗೆ ಅಗ್ಗದ ದನದ ಪಿತ್ತದ ಪುಡಿ ಬಳಸಿದವರು ಯಾರಾದರೂ ಇದ್ದೀರಾ? ಫಲಿತಾಂಶ ಎಷ್ಟು ಏರುಪೇರಾಯಿತು?

ಮುಖ್ಯವಾದದ್ದು ಇನ್ನೊಂದು. ಪ್ಯಾಂಕ್ರಿಯಾಟಿನ್ (ಮೇದೋಜೀರಕ ಗ್ರಂಥಿಯ ಜೀರ್ಣಕಿಣ್ವಗಳ ಪುಡಿ) ಹಾಕಿದಾಗ ಕೊಬ್ಬು ಒಡೆದು ಕೊಬ್ಬಿನಾಮ್ಲ ಬರುತ್ತದೆ, ಪಿಹೆಚ್ ಇಳಿಯದಂತೆ ಸೋಡಿಯಂ ಹೈಡ್ರಾಕ್ಸೈಡ್ ಹನಿಸುತ್ತಲೇ ಇರಬೇಕು. ಬ್ಯುರೆಟ್ ಹಿಡಿದು ಕೈಯಲ್ಲಿ ಮಾಡುವ ಕೆಲಸವಲ್ಲ ಅದು. ಮೈಸೂರು ಅಥವಾ ಮಂಗಳೂರಿನಲ್ಲಿ ಹೊರಗಿನ ವಿದ್ಯಾರ್ಥಿಗಳಿಗೆ ಪಿಹೆಚ್-ಸ್ಟ್ಯಾಟ್ ಬಳಸಲು ಕೊಡುವ ಲ್ಯಾಬ್ ಗೊತ್ತಿದ್ದರೆ ತಿಳಿಸಿ. ಶುಲ್ಕ ಕೊಡುತ್ತೇನೆ, ರಾಸಾಯನಿಕಗಳನ್ನೂ ನಾನೇ ತರುತ್ತೇನೆ.