1860ರ ದಶಕದ ನಿಯಮಗಳಂತೆ ಆಡುವ ಬೇಸ್‌ಬಾಲ್ ತಂಡ ಸೇರಬೇಕೆಂದಿದ್ದೇನೆ: ಆಡಿದವರು ಅನುಭವ ತಿಳಿಸುವಿರಾ?

ಕೊಪ್ಪದವನು

ಎಲ್ಲರಿಗೂ ನಮಸ್ಕಾರ. ಹನ್ನೊಂದು ವರ್ಷಗಳಿಂದ ಓಹಾಯೋದ ಕೊಲಂಬಸ್ ಬಳಿ ಇದ್ದೇನೆ, ವಯಸ್ಸು 44. ಕಳೆದ ತಿಂಗಳು ಮಗಳನ್ನು ಹತ್ತೊಂಬತ್ತನೇ ಶತಮಾನದ ಊರಿನಂತೆ ಕಟ್ಟಿರುವ ಓಹಾಯೋ ವಿಲೇಜ್ ಎಂಬ ವಸ್ತುಸಂಗ್ರಹಾಲಯಕ್ಕೆ ಕರೆದುಕೊಂಡು ಹೋದಾಗ, ಅಲ್ಲಿ 1981ರಿಂದ ಹಳೆಯ ಕಾಲದ ಬೇಸ್‌ಬಾಲ್ ಆಡಿಕೊಂಡು ಬಂದಿರುವ ಮಫಿನ್ಸ್ ತಂಡದ ಪಂದ್ಯ ನೋಡಿದೆ. ಕೈಗೆ ಗ್ಲೌಸ್ ಇಲ್ಲ, ಚೆಂಡನ್ನು ಸೊಂಟದ ಕೆಳಗಿನಿಂದ ಎಸೆಯುತ್ತಾರೆ, ರನ್ನಿಗೆ ಏಸ್ ಎನ್ನುತ್ತಾರೆ, ನೆಲಕ್ಕೆ ಒಮ್ಮೆ ಪುಟಿದ ಚೆಂಡನ್ನು ಹಿಡಿದರೂ ಔಟ್. ನೋಡುತ್ತ ನಿಂತಿದ್ದ ನನಗೆ ಗಂಟಲು ಕಟ್ಟಿ ಬಂತು. ಏಕೆಂದು ಹೇಳಲಾರೆ, ಅದು ನಮ್ಮಜ್ಜನ ಕಾಲವೂ ಅಲ್ಲ, ನನ್ನ ಊರೂ ಅಲ್ಲ. ಈಗ ಬೇರೊಂದು ತಂಡದಲ್ಲಿ ಆಡುವ ಸಹೋದ್ಯೋಗಿಯೊಬ್ಬರು ನೀವೂ ಬನ್ನಿ ಎಂದು ಕರೆಯುತ್ತಿದ್ದಾರೆ. ನನ್ನ ಪ್ರಶ್ನೆ ಎರಡೇ. ಎಡ ಮೊಣಕಾಲಿನ ಮೆನಿಸ್ಕಸ್‌ಗೆ (ಕೀಲಿನೊಳಗಿನ ಮೃದ್ವಸ್ಥಿಗೆ) ಎರಡು ವರ್ಷಗಳ ಹಿಂದೆ ಆಪರೇಷನ್ ಆಗಿದೆ, ಆಡಬಹುದೆ? ವರ್ಷಕ್ಕೆ ಎಷ್ಟು ಭಾನುವಾರಗಳು ಹೋಗುತ್ತವೆ?

ಬರಿಗೈ ಭಟ್ಟ

ಕಣ್ಣು ಮುಚ್ಚಿಕೊಂಡು ಸೇರಿ. ಏಳು ಸೀಸನ್ ಆಡಿದವನ ಮಾತು ಇದು.

ನಾನು ಬೆಳೆದದ್ದು ಬೆಂಗಳೂರಿನ ಹನುಮಂತನಗರದ ಒಂದು ಇಳಿಜಾರು ರಸ್ತೆಯಲ್ಲಿ. ಒನ್ ಪಿಚ್ ಕ್ಯಾಚ್ ಔಟ್, ಕಾಂಪೌಂಡಿನ ಒಳಗೆ ಬಿದ್ದರೆ ಔಟ್, ಚರಂಡಿಗೆ ಹೋದರೆ ಹೊಡೆದವನೇ ತೆಗೆಯಬೇಕು. ಇಲ್ಲಿಗೆ ಬಂದ ಮೇಲೆ ಒಂಬತ್ತು ವರ್ಷ ಶನಿವಾರದ ಟೆನ್ನಿಸ್ ಬಾಲ್ ಲೀಗ್ ಆಡಿದೆ; ಆದರೆ ಅದರಲ್ಲಿ ವಾಟ್ಸಾಪ್ ಜಗಳ, ನೋ ಬಾಲ್ ಜಗಳ ಮತ್ತು ನಾಯಕತ್ವದ ಜಗಳ ಕಳೆದರೆ ಆಟವೆಂದು ಉಳಿಯುತ್ತಿದ್ದದ್ದು ಅತ್ಯಲ್ಪ. 1864ರ ನಿಯಮದ ನನ್ನ ಮೊದಲ ಪಂದ್ಯದಲ್ಲಿ ಎಡಗಡೆಯ ಹೊರವಲಯದಲ್ಲಿ ನಿಂತಿದ್ದೆ. ಚೆಂಡು ನನ್ನ ಮುಂದೆ ನಾಲ್ಕು ಮಾರು ದೂರದಲ್ಲಿ ಬಿದ್ದು, ಒಣಹುಲ್ಲಿನ ಮೇಲೆ ಪುಟಿದು, ಎದೆಯ ಎತ್ತರಕ್ಕೆ ಬಂತು. ಒಂದೇ ಕೈಯಲ್ಲಿ ಹಿಡಿದವನೇ ನನಗರಿವಿಲ್ಲದೆ "ಒನ್ ಪಿಚ್!" ಎಂದು ಕೂಗಿದೆ. ಎದುರಾಳಿ ತಂಡದವರೂ ಟೋಪಿ ಎತ್ತಿ ಹುಝ್ಝಾ ಎಂದು ಜೈಕಾರ ಹಾಕಿದರು. ಮೂವತ್ತು ವರ್ಷಗಳಲ್ಲಿ ನನ್ನ ಕ್ಯಾಚನ್ನು ಎದುರಾಳಿ ಮೆಚ್ಚಿದ್ದು ಅದೇ ಮೊದಲು.

ಖರ್ಚಿನ ವಿಷಯ ಮುಚ್ಚಿಡುವುದಿಲ್ಲ. ಎದೆಗೆ ಗುಂಡಿ ಹಾಕುವ ಪಟ್ಟಿಯಿರುವ ಅಂಗಿ 118 ಡಾಲರ್, ಪ್ಯಾಂಟು 84, ಟೋಪಿ 42, ಬೆಲ್ಟು 23, ಬ್ಯಾಟು 97, ಸದಸ್ಯತ್ವ 50. ಒಟ್ಟು 414. ಎರಡನೇ ಸೀಸನ್ನಿನ ಜೂನ್‌ನಲ್ಲಿ ನೇರವಾಗಿ ಬಂದ ಚೆಂಡೊಂದು ಬಲಗೈ ಉಂಗುರ ಬೆರಳಿನ ತುದಿಗೆ ತಾಗಿ, ಬೆರಳ ತುದಿ ಬಾಡಿದ ಹೂವಿನಂತೆ ಕೆಳಗೆ ಬಾಗಿತು, ಎತ್ತಿದರೆ ಏಳುವುದಿಲ್ಲ. ಅರ್ಜೆಂಟ್ ಕೇರ್ 175, ಎಕ್ಸ್‌ರೇ 240, ಕೈತಜ್ಞರು 310, ಬೆರಳ ಪಟ್ಟಿ 68, ಆರು ಥೆರಪಿಗೆ ತಲಾ 92ರಂತೆ 552. ಅಂದರೆ 1,345 ಡಾಲರ್, ಇನ್ಶೂರೆನ್ಸಿನ ಡಿಡಕ್ಟಿಬಲ್ (ಮೊದಲು ನಾವೇ ಭರಿಸಬೇಕಾದ ಮೊತ್ತ) 3,000 ಇದ್ದುದರಿಂದ ಪೂರ್ತಿ ಕೈಯಿಂದಲೇ ಹೋಯಿತು. ಎಂಟು ವಾರ ಹಗಲೂ ರಾತ್ರಿ ಪಟ್ಟಿ ತೆಗೆಯುವಂತಿರಲಿಲ್ಲ, ಅನ್ನ ಕಲಸಿದ್ದು ಎಡಗೈಯಲ್ಲಿ. ಊರಿನಿಂದ ಬಂದಿದ್ದ ನನ್ನ ತಾಯಿ ಅದನ್ನು ನೋಡಿ ಆಡಿದ ಮಾತುಗಳನ್ನು ಇಲ್ಲಿ ಬರೆಯಲಾರೆ.

ಆದರೂ ಸೇರಿ.

ಹೊಬೊಕನ್ ಹನುಮ

ಭಟ್ಟರ ಉತ್ಸಾಹಕ್ಕೆ ಅಡ್ಡ ಬರುವ ಇಚ್ಛೆ ನನಗಿಲ್ಲ. ಆದರೆ ಹೊಸಬರು ತಪ್ಪು ತಂಡ ಸೇರಿಕೊಳ್ಳಬಾರದೆಂದು ಬರೆಯುತ್ತಿದ್ದೇನೆ. ನಾನು 1867ರ ನಿಯಮದ ಆಟಗಾರ. ಪುಟಿದ ಚೆಂಡನ್ನು ಹಿಡಿದು ಔಟ್ ಎನ್ನುವುದನ್ನು ಆ ಕಾಲದ ಗಂಭೀರ ಆಟಗಾರರೇ ಹುಡುಗಾಟಿಕೆಯೆಂದು ಕರೆದು, 1864ರ ಡಿಸೆಂಬರಿನಲ್ಲಿ ನಡೆದ ಬೇಸ್‌ಬಾಲ್ ತಂಡಗಳ ಸಮಾವೇಶದಲ್ಲಿ ಫೇರ್ ಚೆಂಡಿನ (ಗಡಿಗೆರೆಗಳ ಒಳಗೆ ಹೊಡೆದ ಚೆಂಡಿನ) ಮಟ್ಟಿಗೆ ಅದನ್ನು ತೆಗೆದುಹಾಕಿದರು. ನ್ಯೂಯಾರ್ಕಿನ ನಿಕರ್‌ಬಾಕರ್ ತಂಡದವರು 1857ರಿಂದಲೇ ಅದಕ್ಕಾಗಿ ವಾದಿಸುತ್ತಿದ್ದರು. ಇಂಗ್ಲೆಂಡಿನ ಎಕ್ಸೆಟರ್‌ನಲ್ಲಿ ಹುಟ್ಟಿ, ಕ್ರಿಕೆಟ್ ವರದಿಗಾರರಾಗಿದ್ದು, ಮುಂದೆ ಬೇಸ್‌ಬಾಲಿಗೆ ಅಂಕಪಟ್ಟಿ ರೂಪಿಸಿಕೊಟ್ಟ ಹೆನ್ರಿ ಚಾಡ್ವಿಕ್ ಅವರಂತೂ ಪುಟಿದ ಕ್ಯಾಚನ್ನು ಕಂಡಲ್ಲೆಲ್ಲ ಬೈದು ಬರೆದವರು. ಕ್ರಿಕೆಟ್ ಬಲ್ಲ ನಾವು ಅವರ ಪಕ್ಷದಲ್ಲಿರಬೇಕೇ ಹೊರತು ಹನುಮಂತನಗರದ ಚರಂಡಿಯ ಪಕ್ಷದಲ್ಲಲ್ಲ.

ಹೊಬೊಕನ್‌ನ ನನ್ನ ಮನೆಯಿಂದ ಏಳು ನಿಮಿಷ ನಡೆದರೆ, 1846ರ ಜೂನ್ 19ರಂದು ನಿಕರ್‌ಬಾಕರ್ ತಂಡ 23-1ರಿಂದ ಸೋತ ಎಲಿಸಿಯನ್ ಫೀಲ್ಡ್ಸ್ ಮೈದಾನ ಇದ್ದ ಜಾಗ. ಈಗ ಅಲ್ಲಿ ಮೈದಾನವಿಲ್ಲ, ರಸ್ತೆ ಕೂಡುವಲ್ಲಿ ಒಂದು ಫಲಕವಿದೆ, ಅಷ್ಟೆ. ಆದ್ದರಿಂದ ಆಟಕ್ಕಾಗಿ ಲಾಂಗ್ ಐಲೆಂಡಿನ ಕಡೆಗೆ ಹೋಗಬೇಕು. ಕಳೆದ ಸೀಸನ್ನಿನಲ್ಲಿ ಹದಿನಾಲ್ಕು ಪ್ರಯಾಣ, ಸೇತುವೆಯ ಟೋಲ್ ಮತ್ತು ಪೆಟ್ರೋಲ್ ಸೇರಿ ತಲಾ 41 ಡಾಲರ್, ಒಟ್ಟು 574. ಬ್ಯಾಟಿನ ಕಥೆ ಇನ್ನೂ ದೊಡ್ಡದು. ಕೈಯಿಂದ ಕಡೆದ ಆಶ್ ಮರದ ಬ್ಯಾಟಿಗೆ 135 ಡಾಲರ್ ಕೊಟ್ಟೆ. ಎರಡನೇ ಪಂದ್ಯದಲ್ಲೇ ಹಿಡಿಯ ಮೇಲೆ ಒಂದು ಗೇಣು ಉದ್ದಕ್ಕೆ ಸೀಳಿತು. ಮಾಡಿದವರನ್ನು ಕೇಳಿದರೆ ಮರದ ಎಳೆ ನೋಡಿಕೊಂಡು ಹೊಡೆಯಬೇಕಿತ್ತು ಎಂದರು. ಎರಡನೆಯದನ್ನು ಎಳೆ ನೋಡಿಕೊಂಡೇ ಹೊಡೆದೆ, ಅದೂ ಸೀಳಿತು. ಸೀಳಿದ ಎರಡನ್ನೂ ಎಸೆದಿಲ್ಲ, ಹೆಂಡತಿಯ ವಿರೋಧದ ನಡುವೆಯೂ ಹಾಲ್‌ನಲ್ಲಿ ತೂಗುಹಾಕಿದ್ದೇನೆ.

ಬರಿಗೈ ಭಟ್ಟ

ಹನುಮ ಅವರ ಪಾಂಡಿತ್ಯಕ್ಕೆ ಶರಣು. ಆದರೆ ಅವರ 1867ರ ನಿಯಮದಲ್ಲೂ ಫೌಲ್ ಹೋದ, ಅಂದರೆ ಗೆರೆಯ ಹೊರಗೆ ಹೋದ, ಚೆಂಡನ್ನು ಒಮ್ಮೆ ಪುಟಿದ ಮೇಲೆ ಹಿಡಿದರೆ ಔಟೇ ಎಂಬುದನ್ನು ಏಕೆ ಬರೆಯಲಿಲ್ಲ? ಅದು 1880ರ ದಶಕದವರೆಗೂ ಉಳಿದಿತ್ತು. ಅರ್ಧ ಹುಡುಗಾಟಿಕೆ ಅವರ ಮನೆಯಲ್ಲೂ ಇದೆ.

ಹೊಬೊಕನ್ ಹನುಮ

ಫೌಲ್ ವಿಷಯ ಬೇರೆ, ಫೇರ್ ವಿಷಯ ಬೇರೆ. ಏಳು ಸೀಸನ್ ಆಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿ ಬಂದದ್ದು ವಿಷಾದ.

ಫಲ್ಗುಣಿ, ಫಿಲಡೆಲ್ಫಿಯಾ

ಇಬ್ಬರೂ 1864 ಮತ್ತು 1867ರ ನಡುವೆ ಕಾದಾಡುತ್ತಿರುವುದರಿಂದ, 1867ರಲ್ಲಿ ಇನ್ನೇನಾಯಿತೆಂದು ನಾನು ಹೇಳುತ್ತೇನೆ. ನಮ್ಮ ಊರಿನ ಪಿಥಿಯನ್ ತಂಡ ಕಪ್ಪು ಜನರದು; ಶಿಕ್ಷಕ, ಹೋರಾಟಗಾರ ಆಕ್ಟೇವಿಯಸ್ ಕ್ಯಾಟೊ ಅದರ ನಾಯಕ. ಆ ವರ್ಷ ಅಕ್ಟೋಬರಿನಲ್ಲಿ ಹ್ಯಾರಿಸ್‌ಬರ್ಗ್‌ನ ರಾಜ್ಯ ಬೇಸ್‌ಬಾಲ್ ಸಮಾವೇಶಕ್ಕೆ ತಂಡದ ಪ್ರತಿನಿಧಿ ಸದಸ್ಯತ್ವ ಕೇಳಲು ಹೋದಾಗ, ತಿರಸ್ಕಾರ ಖಚಿತವೆಂದು ತಿಳಿದು ಅರ್ಜಿಯನ್ನು ಹಿಂತೆಗೆದುಕೊಳ್ಳಬೇಕಾಯಿತು. ಡಿಸೆಂಬರಿನಲ್ಲಿ ರಾಷ್ಟ್ರೀಯ ಬೇಸ್‌ಬಾಲ್ ಸಂಘವು ಒಬ್ಬನೇ ಒಬ್ಬ ಕಪ್ಪು ಆಟಗಾರನಿರುವ ತಂಡವನ್ನೂ ಸೇರಿಸಿಕೊಳ್ಳುವುದಿಲ್ಲವೆಂದು ತೀರ್ಮಾನಿಸಿತು. ಕ್ಯಾಟೊ ಅವರನ್ನು 1871ರ ಅಕ್ಟೋಬರ್ 10ರಂದು, ಚುನಾವಣೆಯ ದಿನ, ನಡುಬೀದಿಯಲ್ಲಿ ಗುಂಡಿಕ್ಕಿ ಕೊಂದರು.

ನಾನು ಒಂದೂವರೆ ಸೀಸನ್ ಆಡಿ ಬಿಟ್ಟವಳು. ತಂಡದವರು ಒಳ್ಳೆಯವರು, ನನಗೆ ಯಾರೂ ಏನೂ ಅನ್ನಲಿಲ್ಲ. ಆದರೆ ಪ್ರತಿ ಪಂದ್ಯದ ಮೊದಲು ಉದ್ದ ಟೋಪಿಯ ಮಹನೀಯರೊಬ್ಬರು ಪ್ರೇಕ್ಷಕರೆದುರು ನಿಂತು, ಹಣದ ಹಂಗಿಲ್ಲದೆ ಎಲ್ಲರೂ ಒಟ್ಟಿಗೆ ಆಡುತ್ತಿದ್ದ ಮುಗ್ಧ ಕಾಲಕ್ಕೆ ನಿಮಗೆ ಸ್ವಾಗತ ಎನ್ನುತ್ತಿದ್ದರು. ಕ್ಯಾಟೊ ಅವರ ಬಗ್ಗೆ ಎರಡು ವಾಕ್ಯ ಸೇರಿಸಿ ಎಂದು ಬರೆದುಕೊಟ್ಟೆ. ಮೂರು ಪಂದ್ಯಗಳ ಕಾಲ ಆ ಚೀಟಿ ಅವರ ಕೋಟಿನ ಜೇಬಿನಲ್ಲೇ ಇತ್ತು, ಅಂಚು ಹೊರಗೆ ಕಾಣಿಸುತ್ತಿತ್ತು. ನಾಲ್ಕನೇ ಪಂದ್ಯಕ್ಕೆ ನಾನು ಹೋಗಲಿಲ್ಲ. ನಾವು ಹಂಬಲಿಸುತ್ತಿರುವ ಆ ಕಾಲ ಮೈದಾನದ ಒಳಗೆ ನಮ್ಮನ್ನೇ ಬಿಡುತ್ತಿತ್ತೇ ಎಂದು ಒಮ್ಮೆಯಾದರೂ ಕೇಳಿಕೊಳ್ಳಿ.

ಹೊಬೊಕನ್ ಹನುಮ

ಭಾನುವಾರದ ಆಟದೊಳಗೂ ರಾಜಕೀಯ ಬೇಕೇ, ಮೇಡಂ? ಅದೇ ಪಿಥಿಯನ್ನರು 1869ರಲ್ಲಿ ಒಲಿಂಪಿಕ್ ಎಂಬ ಹೆಸರಿನ ಬಿಳಿಯರ ತಂಡದೊಂದಿಗೆ ಆಡಿದ್ದನ್ನೂ ಬರೆಯಬಹುದಿತ್ತು.

ಫಲ್ಗುಣಿ, ಫಿಲಡೆಲ್ಫಿಯಾ

ಆಡಿದರು, 44-23ರಿಂದ ಸೋತರು. ನಿಷೇಧ ಅದರಿಂದ ಹೋಗಲಿಲ್ಲ. ಇದನ್ನು ರಾಜಕೀಯವೆಂದು ನೀವು ಕರೆಯುತ್ತೀರಿ, ನಾನು ನಿಯಮಾವಳಿ ಎನ್ನುತ್ತೇನೆ. ಕ್ಯಾಚಿನ ನಿಯಮವನ್ನು ಅಕ್ಷರಶಃ ಪಾಲಿಸುವವರು ಸದಸ್ಯತ್ವದ ನಿಯಮವನ್ನು ಮಾತ್ರ ಮರೆಯುವುದು ನನಗೆ ಸೋಜಿಗವೆನಿಸುತ್ತದೆ.

ಬರಿಗೈ ಭಟ್ಟ

ಫಲ್ಗುಣಿಯವರ ಮಾತು ನನಗೆ ಹೊಸದು, ಓದಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಆದರೆ ನನಗೆ ಆ ಆಟದಲ್ಲಿ ಕಾಣಿಸಿದ್ದು 1864ರ ಅಮೆರಿಕಾ ಅಲ್ಲವೇ ಅಲ್ಲ, 1988ರ ನಮ್ಮ ರಸ್ತೆ. ಅದನ್ನು ಮುಗ್ಧವೆಂದು ನಾನೂ ಹೇಳಲಾರೆ. ನಮ್ಮ ಬೀದಿಯ ತಂಡಕ್ಕೂ ಎಲ್ಲ ಮನೆಯ ಹುಡುಗರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಅದು ಇರಲಿ. ನಾನು ಮೆಚ್ಚುವುದು ಆಟಗಾರರ ನಡತೆಯನ್ನು. ಅಂಪೈರಿಗೆ ಕಾಣಿಸದಿದ್ದರೆ ಅವರು ಆಟಗಾರನನ್ನೇ ಕೇಳುತ್ತಾರೆ. ಮೂರು ವರ್ಷಗಳ ಹಿಂದೆ ಕೊನೆಯ ಇನ್ನಿಂಗ್ಸಿನಲ್ಲಿ ಚೆಂಡು ಎರಡು ಸಲ ಪುಟಿದು ನನ್ನ ಕೈಗೆ ಬಂತೆಂದು ನಾನೇ ಹೇಳಿದೆ, ಒಂದು ಏಸ್‌ನಿಂದ ಸೋತೆವು. ನಮ್ಮ ನಾಯಕ ವಿಶ್ವನಾಥ್ ಅವರು 1980ರಲ್ಲಿ ಇಂಗ್ಲೆಂಡ್ ವಿರುದ್ಧದ ಮುಂಬಯಿ ಜುಬಿಲಿ ಕ್ರಿಕೆಟ್ ಟೆಸ್ಟಿನಲ್ಲಿ, ಅಂಪೈರ್ ಔಟ್ ಕೊಟ್ಟ ಮೇಲೂ, ಇಂಗ್ಲೆಂಡಿನ ಬಾಬ್ ಟೇಲರ್ ಅವರನ್ನು ವಾಪಸು ಕರೆದದ್ದು ನೆನಪಾಯಿತು.

ಹೊಬೊಕನ್ ಹನುಮ

ಕರೆದು ಪಂದ್ಯ ಕಳೆದರು. ಟೇಲರ್ ಮತ್ತು ಬೋಥಮ್ 171 ರನ್ ಸೇರಿಸಿದರು.

ಭದ್ರಾವತಿ ಬಾಯ್ಸ್

ಈ ಬೇಸ್‌ಬಾಲ್ ವಿಚಾರದಲ್ಲಿ ನನಗೇನೂ ಗೊತ್ತಿಲ್ಲ, ಮೂರು ವಾರಗಳಿಂದ ಸುಮ್ಮನೆ ಓದುತ್ತಿದ್ದೆ. ಆದರೆ ನಮ್ಮೂರಿನವರಾದ ವಿಶ್ವನಾಥ್ ಬಗ್ಗೆ ಹೀಗೆ ಬರೆದರೆ ಸುಮ್ಮನಿರುವುದಿಲ್ಲ. ಆ ಟೆಸ್ಟಿನಲ್ಲಿ ಬೋಥಮ್ ಶತಕ ಹೊಡೆದು ಹದಿಮೂರು ವಿಕೆಟ್ ತೆಗೆದರು, ನಾವು ಹತ್ತು ವಿಕೆಟ್‌ಗಳಿಂದ ಸೋತೆವು. ಎರಡನೇ ಇನ್ನಿಂಗ್ಸಿನಲ್ಲಿ 149ಕ್ಕೆ ಆಲೌಟ್ ಆದದ್ದಕ್ಕೂ ವಿಶಿಯವರ ಸಜ್ಜನಿಕೆಯೇ ಕಾರಣವೇ? ಸೀಳಿದ ಬ್ಯಾಟನ್ನು ಗೋಡೆಗೆ ತೂಗುಹಾಕಿಕೊಂಡವರು ಸೋಲು ಗೆಲುವಿನ ಲೆಕ್ಕ ಹೇಳಬೇಕಾಗಿಲ್ಲ.

ಹೊಬೊಕನ್ ಹನುಮ

ವೈಯಕ್ತಿಕ ಟೀಕೆಗೆ ಉತ್ತರಿಸುವುದಿಲ್ಲ. ಬ್ಯಾಟು ಸೀಳಿದ್ದು ಮರದ ದೋಷದಿಂದ.

ಕೊಪ್ಪದವನು

ಎಲ್ಲರಿಗೂ ಧನ್ಯವಾದಗಳು, ಬಹಳಷ್ಟು ಕಲಿತೆ. ಮೊಣಕಾಲಿನ ವಿಷಯ ಯಾರಾದರೂ ಹೇಳುವಿರಾ?

ಮಾಲಿನಿ, ಮಿಶಿಗನ್

ಇಷ್ಟು ಮಹನೀಯರಲ್ಲಿ ಒಬ್ಬರಿಗೂ ಕೇಳಿದ ಪ್ರಶ್ನೆ ಕಾಣಿಸಲಿಲ್ಲವೆಂದು ನಾನು ಬರೆಯಬೇಕಾಯಿತು. ನಾನು ಆರು ಸೀಸನ್ನಿನಿಂದ ಮಹಿಳೆಯರ ತಂಡದಲ್ಲಿದ್ದೇನೆ. ಹೆಂಗಸರು ಆಗ ಆಡುತ್ತಿದ್ದರೇ ಎಂದು ಪ್ರತಿ ಪಂದ್ಯದಲ್ಲೂ ಒಬ್ಬರಾದರೂ ಕೇಳುತ್ತಾರೆ; ವಾಸಾರ್ ಕಾಲೇಜಿನ ಹುಡುಗಿಯರು 1866ರಲ್ಲೇ ಎರಡು ತಂಡ ಕಟ್ಟಿದ್ದರೆಂದು ಹೇಳಿ ಹೇಳಿ ನನಗೆ ಸಾಕಾಗಿದೆ. ನಾವು ಕಣಕಾಲು ಮುಟ್ಟುವ ಸ್ಕರ್ಟಿನಲ್ಲಿ ಆಡುತ್ತೇವೆ. ನಾಲ್ಕೂವರೆ ಗಜ ಹತ್ತಿಬಟ್ಟೆ, ಹೊಲಿಗೆ ಸೇರಿ 160 ಡಾಲರ್, ವರ್ಷಕ್ಕೆ ಎರಡು ಸಲ ಅಂಚು ಕಿತ್ತುಹೋಗಿ ಮತ್ತೆ 20. ಜುಲೈ ಬಿಸಿಲಿನಲ್ಲಿ ಎರಡನೇ ಬೇಸಿನಿಂದ (ಓಡುವವರು ಮುಟ್ಟಬೇಕಾದ ನಿಲುಗಡೆಯಿಂದ) ಮೂರನೆಯದಕ್ಕೆ ಓಡುವಾಗ ಕಚ್ಚೆಸೀರೆಯ ಬೆಲೆ ತಿಳಿಯುತ್ತದೆ. ನಮ್ಮಜ್ಜಿ ಅದನ್ನುಟ್ಟು ಗದ್ದೆಯ ಬದುವಿನ ಮೇಲೆ ಓಡುತ್ತಿದ್ದರು.

ಈಗ ಮೊಣಕಾಲು. ಇಂದಿನ ಆಟದಲ್ಲಿ ಮೊದಲ ಬೇಸನ್ನು ತುಳಿದು ಮುಂದಕ್ಕೆ ಓಡಿಹೋಗಬಹುದು. 1870ರ ದಶಕಕ್ಕೆ ಮೊದಲಿನ ನಿಯಮದಲ್ಲಿ ಹಾಗಿಲ್ಲ. ದಾಟಿದರೆ ಮುಟ್ಟಿ ಔಟ್ ಮಾಡುತ್ತಾರೆ. 90 ಅಡಿ ಓಡಿ, ಮರದ ಹೊಟ್ಟು ತುಂಬಿದ ಚೀಲದ ಮೇಲೆಯೇ ತಟ್ಟನೆ ನಿಲ್ಲಬೇಕು. ನಿಲ್ಲುವಾಗ ಭಾರವೆಲ್ಲ ಮುಂದಿನ ಕಾಲಿನ ಮೇಲೆ ಬಂದು ಮೊಣಕಾಲು ತಿರುಚುತ್ತದೆ. ನನ್ನ ಬಲ ಮೊಣಕಾಲು ಹೋದದ್ದು ಅಲ್ಲೇ, ನಾಲ್ಕನೇ ಸೀಸನ್ನಿನ ಎರಡನೇ ಪಂದ್ಯದಲ್ಲಿ. ಎಂಆರ್‌ಐಗೆ 780, ಆಪರೇಷನ್ನಿಗೆ ನನ್ನ ಪಾಲು 2,900, ಐದು ತಿಂಗಳು ಮನೆಯ ಮೆಟ್ಟಿಲನ್ನು ಕುಳಿತು ಇಳಿದೆ. ಭಟ್ಟರ ಬೆರಳಿಗೂ ಹನುಮ ಅವರ ಬ್ಯಾಟಿಗೂ ಇಷ್ಟೊಂದು ಮರುಕವಿದ್ದಲ್ಲಿ ಇದನ್ನು ಹೇಳಲು ಯಾರಿಗೂ ತೋಚದಿದ್ದದ್ದು ಆಶ್ಚರ್ಯ. ಕೇಳಿದರೆ ಎದುರು ನಾಯಕರು ನಿಮ್ಮ ಬದಲು ಓಡಲು ಇನ್ನೊಬ್ಬರನ್ನು ಬಿಡುತ್ತಾರೆ, ನಾಚಿಕೆಪಡದೆ ಕೇಳಿ. ಭಾನುವಾರಗಳು ನಮ್ಮ ಕಡೆ ಮೇ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ಹದಿನಾರು.

ಬರಿಗೈ ಭಟ್ಟ

ಮಾಲಿನಿಯವರಲ್ಲಿ ಕ್ಷಮೆ ಕೇಳುತ್ತೇನೆ. ನಾನು ಹೊರವಲಯದಲ್ಲಿ ನಿಲ್ಲುವವನು. ಬ್ಯಾಟಿಂಗಿನಲ್ಲಿ ಮೊದಲ ಬೇಸ್ ತಲುಪುವುದೇ ಅಪರೂಪ, ಹೀಗಾಗಿ ನಿಲ್ಲುವ ತೊಂದರೆ ನನಗೆ ಬರಲಿಲ್ಲ.

ಕೊಪ್ಪದವನು

ಮಾಲಿನಿ ಮೇಡಂ, ಬಹಳ ಉಪಕಾರವಾಯಿತು. ನಿನ್ನೆ ಸಹೋದ್ಯೋಗಿಯ ತಂಡದ ಅಭ್ಯಾಸಕ್ಕೆ ಹೋಗಿದ್ದೆ. ಓಡುವುದಿಲ್ಲ, ಬರೀ ಹಿಡಿಯುತ್ತೇನೆ ಎಂದು ಮೊದಲೇ ಹೇಳಿ ನಿಂತೆ. ನಿಂಬೆಸಿಪ್ಪೆಯ ಹಾಗೆ ಒಂದೇ ತೊಗಲನ್ನು ಕತ್ತರಿಸಿ ಹೊಲಿದ ಕಂದು ಚೆಂಡು. ಅಭ್ಯಾಸ ಮುಗಿಯುವವರೆಗೂ ಒಂದೇ ಚೆಂಡು, ಕೊನೆಗೆ ಅದು ಬೇಯಿಸಿದ ಗೆಣಸಿನಂತೆ ಮೆತ್ತಗಾಗಿ ಒಂದು ಕಡೆ ವಾಲಿತ್ತು. ಮೊದಲ ಮೂರು ಬಿಟ್ಟೆ. ನಾಲ್ಕನೆಯದು ಅಂಗೈಯ ನಡುವೆ ಬಂದು ಕೂತಿತು. ರಾತ್ರಿ ಊಟಕ್ಕೆ ಕುಳಿತಾಗಲೂ ಅಂಗೈ ಚುರುಗುಡುತ್ತಿತ್ತು. ಫಲ್ಗುಣಿಯವರು ಹೇಳಿದ ಕ್ಯಾಟೊ ವಿಷಯವನ್ನು ಸಹೋದ್ಯೋಗಿಗೆ ಹೇಳಿದೆ. ಅವರಿಗೂ ಗೊತ್ತಿರಲಿಲ್ಲ, ನಮ್ಮ ತಂಡದ ಭಾಷಣದಲ್ಲಿ ಸೇರಿಸಲು ಕೇಳಿನೋಡೋಣ ಎಂದಿದ್ದಾರೆ.

ಫಲ್ಗುಣಿ, ಫಿಲಡೆಲ್ಫಿಯಾ

ಚೀಟಿ ಕೊಡಬೇಡಿ, ಮೈಕು ಕೇಳಿ.

ಹೊಬೊಕನ್ ಹನುಮ

ಆ ತಂಡ 1864 ಆಡುತ್ತದೆಯೋ 1867 ಆಡುತ್ತದೆಯೋ ಎಂಬುದನ್ನು ನೀವು ಇನ್ನೂ ತಿಳಿಸಿಲ್ಲ.

ಕೊಪ್ಪದವನು

1864 ಸರ್. ಭಟ್ಟರೇ, ನಿಮ್ಮ ಹತ್ತಿರ ಹಳೆಯ ಬೆಲ್ಟು ಇನ್ನೂ ಇದ್ದರೆ ತಿಳಿಸಿ, ನನ್ನ ಸೊಂಟ 38.