‘ಸಾವಯವ’ ಎಂದು ಬರೆದಿರುವ ಪೊಟ್ಟಣಕ್ಕೆ ದುಪ್ಪಟ್ಟು ಬೆಲೆ ಕೊಡಬೇಕೇ?

ಪ್ರಶ್ನೆ – ಹಾಸನದ ಗೃಹಿಣಿ

ಮನೆಯಲ್ಲಿ ಮಧುಮೇಹವಿರುವ ಅತ್ತೆಯವರೂ ಚಿಕ್ಕ ಮಗುವೂ ಇರುವುದರಿಂದ ರಾಗಿ ಹಿಟ್ಟು, ತೊಗರಿಬೇಳೆ, ಬೆಲ್ಲ ಮೂರನ್ನೂ ‘ಸಾವಯವ’ ಪೊಟ್ಟಣಗಳಲ್ಲೇ ಕೊಳ್ಳುತ್ತಿದ್ದೇವೆ. ಬೆಲೆ ಹೆಚ್ಚುಕಡಿಮೆ ದುಪ್ಪಟ್ಟು. ಹಿಟ್ಟಿನ ಮೇಲೆ ‘ಜೈವಿಕ್ ಭಾರತ್’ ಮುದ್ರೆಯಿದೆ, ಬೇಳೆಯ ಮೇಲೆ ‘ಪಿಜಿಎಸ್ ಗ್ರೀನ್’ ಎಂದಿದೆ, ಬೆಲ್ಲದ ಮೇಲೆ ‘ನೈಸರ್ಗಿಕ’ ಎಂಬ ಮಾತಿನ ಹೊರತು ಬೇರೇನೂ ಇಲ್ಲ. ಇವೆಲ್ಲ ಒಂದೇ ಭರವಸೆಯನ್ನು ಕೊಡುತ್ತವೆಯೇ? ಆರೋಗ್ಯಕ್ಕೆ ನಿಜವಾಗಿ ಪ್ರಯೋಜನವಿದೆಯೇ?

ಉತ್ತರ – ಮೂಡಿಗೆರೆಯ ಬೆಳೆಗಾರ

ಒಂದೇ ಅಲ್ಲ ಮೇಡಂ. ‘ಜೈವಿಕ್ ಭಾರತ್’ ಆಹಾರ ಸುರಕ್ಷತಾ ಪ್ರಾಧಿಕಾರದ ಮುದ್ರೆ. 2017ರ ನಿಯಮಗಳ ಪ್ರಕಾರ, ಪ್ರಮಾಣೀಕರಣ ಸಂಸ್ಥೆಯೊಂದು ಜಮೀನಿಗೆ ಬಂದು ತಪಾಸಣೆ ಮಾಡುವ ಎನ್‌ಪಿಒಪಿ (ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮ) ಪದ್ಧತಿಯಲ್ಲಾಗಲಿ, ರೈತರ ಗುಂಪು ಪರಸ್ಪರರ ಹೊಲಗಳನ್ನು ಪರಿಶೀಲಿಸುವ ಪಿಜಿಎಸ್ ಪದ್ಧತಿಯಲ್ಲಾಗಲಿ ದೃಢೀಕರಣ ಪಡೆದ ಉತ್ಪನ್ನಕ್ಕೆ ಅದು ಸಲ್ಲುತ್ತದೆ. ‘ಪಿಜಿಎಸ್ ಗ್ರೀನ್’ ಎಂದರೆ ಆ ಹೊಲ ಇನ್ನೂ ರಾಸಾಯನಿಕ ಕೃಷಿಯಿಂದ ಸಾವಯವಕ್ಕೆ ಬದಲಾಗುವ ಪರಿವರ್ತನೆಯ ಅವಧಿಯಲ್ಲಿದೆ ಎಂದರ್ಥ. ಎನ್‌ಪಿಒಪಿಯಲ್ಲಿ ಈ ಅವಧಿ ವಾರ್ಷಿಕ ಬೆಳೆಗಳಿಗೆ 2 ವರ್ಷ, ಕಾಫಿಯಂಥ ಬಹುವಾರ್ಷಿಕ ಬೆಳೆಗಳಿಗೆ 3 ವರ್ಷ. ಬೆಲ್ಲದ ಮೇಲಿನ ‘ನೈಸರ್ಗಿಕ’ವನ್ನು ಮಾರುವವರ ವರ್ಣನೆ ಎಂದಷ್ಟೇ ಓದಿಕೊಳ್ಳಿ.

ಇನ್ನೊಂದು ಮಾತು: ಸಾವಯವವೆಂದರೆ ಏನನ್ನೂ ಸಿಂಪಡಿಸಿಲ್ಲ ಎಂದಲ್ಲ. ಮಳೆಗಾಲಕ್ಕೆ ಮುನ್ನ ಕಾಳುಮೆಣಸಿನ ಬಳ್ಳಿಗೆ ಹೊಡೆಯುವ ಮೈಲುತುತ್ತ–ಸುಣ್ಣದ ಬೋರ್ಡೋ ಎಂಬ ಶಿಲೀಂಧ್ರನಾಶಕ ದ್ರಾವಣಕ್ಕೆ ಪ್ರಮಾಣೀಕೃತ ತೋಟದಲ್ಲೂ ನಿರ್ಬಂಧಗಳೊಡನೆ ಅವಕಾಶವಿದೆ. ಮುದ್ರೆ ಹೇಳುವುದು ಬೆಳೆದ ಬಗೆಯನ್ನು; ತಿಂದವರ ಆರೋಗ್ಯಕ್ಕೆ ಅದು ಖಾತರಿಪತ್ರವಲ್ಲ.

ಉತ್ತರ – ಚಿಕ್ಕಮಗಳೂರಿನ ಶಿಕ್ಷಕಿ, ಆಹಾರ ವಿಜ್ಞಾನ

ಅಧ್ಯಯನಗಳು ಒಮ್ಮತಕ್ಕೆ ಬಂದಿಲ್ಲ. ಸ್ಟ್ಯಾನ್‌ಫರ್ಡ್ ಸಂಶೋಧಕರ 2012ರ ವಿಮರ್ಶೆಗೆ ಸಾವಯವ ಆಹಾರ ಹೆಚ್ಚು ಪೌಷ್ಟಿಕವೆಂಬುದಕ್ಕೆ ಬಲವಾದ ಸಾಕ್ಷ್ಯ ಸಿಗಲಿಲ್ಲ, ಆದರೆ ಕೀಟನಾಶಕದ ಶೇಷ ಕಡಿಮೆಯೆಂಬುದು ಕಂಡಿತು. 343 ಪ್ರಕಟಣೆಗಳನ್ನು ಆಧರಿಸಿದ 2014ರ ವಿಶ್ಲೇಷಣೆಯೊಂದು ಜೀವಕೋಶಗಳನ್ನು ಹಾನಿಯಿಂದ ಕಾಯಬಲ್ಲ ಆಂಟಿಆಕ್ಸಿಡೆಂಟ್‌ಗಳು ಹೆಚ್ಚು, ವಿಷಕಾರಿ ಲೋಹವಾದ ಕ್ಯಾಡ್ಮಿಯಂ ಕಡಿಮೆ ಎಂದಿತು. ಫ್ರಾನ್ಸಿನ 2018ರ ಅಧ್ಯಯನದಲ್ಲಿ ಸಾವಯವವನ್ನು ಹೆಚ್ಚು ತಿನ್ನುವವರಲ್ಲಿ ಕ್ಯಾನ್ಸರ್ ಕಡಿಮೆ ಕಂಡುಬಂದರೂ, ಅಂಥವರು ಸಾಮಾನ್ಯವಾಗಿ ಅನುಕೂಲಸ್ಥರೂ ಆರೋಗ್ಯದ ಬಗ್ಗೆ ಎಚ್ಚರವುಳ್ಳವರೂ ಆಗಿರುವುದರಿಂದ ಶ್ರೇಯಸ್ಸು ಯಾವುದಕ್ಕೆ ಸಲ್ಲಬೇಕೆಂದು ಬೇರ್ಪಡಿಸುವುದು ಕಷ್ಟ. ಬ್ರಿಟನ್ನಿನ ಮಹಿಳೆಯರ ದೊಡ್ಡ ಅಧ್ಯಯನದಲ್ಲಿ ಒಟ್ಟಾರೆ ಕ್ಯಾನ್ಸರ್ ಪ್ರಮಾಣ ಇಳಿದಿರಲಿಲ್ಲ.

ನಿಮ್ಮ ಅತ್ತೆಯವರ ವಿಷಯದಲ್ಲಿ ಮಾತ್ರ ಗೊಂದಲವೇ ಇಲ್ಲ. ಬೆಲ್ಲ ಸಾವಯವವಾದರೂ ರಕ್ತದ ಸಕ್ಕರೆಯನ್ನು ಏರಿಸಿಯೇ ಏರಿಸುತ್ತದೆ. ಆ ಹಣದಲ್ಲಿ ತರಕಾರಿ ತನ್ನಿ.

ಉತ್ತರ – ಆಲೂರಿನ ಓದುಗ

ಚರ್ಚೆಯೆಲ್ಲ ತಿನ್ನುವವರ ಸುತ್ತಲೇ ನಡೆಯುತ್ತಿರುವುದಕ್ಕೆ ನನ್ನ ಆಕ್ಷೇಪವಿದೆ. ನಮ್ಮ ಕಡೆ ಆಲೂಗಡ್ಡೆಗೆ ಅಂಗಮಾರಿ ರೋಗ ತಗುಲಿದರೆ ಮತ್ತೆ ಮತ್ತೆ ಔಷಧಿ ಹೊಡೆಯುವವರ ಮೈಮೇಲೆ ಬೀಳುವುದರ ಮುಂದೆ ಗೆಡ್ಡೆಯಲ್ಲಿ ಉಳಿಯುವ ಶೇಷ ಅತ್ಯಲ್ಪ. ಹೆಚ್ಚಿನ ಬೆಲೆ ಕೊಡಲು ಅವರ ಆರೋಗ್ಯವೂ ಒಂದು ಕಾರಣವೆಂದು ಒಪ್ಪುವವರು, ದುಬಾರಿ ಪೊಟ್ಟಣಕ್ಕಿಂತ ಪರಿಚಯದ ರೈತರಿಂದಲೇ ಕೊಳ್ಳಬಹುದು. ಸಣ್ಣ ಬೆಳೆಗಾರರೇ ಗ್ರಾಹಕರಿಗೆ ನೇರವಾಗಿ ಮಾರುವಾಗ ದೃಢೀಕರಣದಿಂದ ವಿನಾಯಿತಿ ಇದೆ, ಪ್ರಮಾಣಪತ್ರವಿಲ್ಲದೆ ಮುದ್ರೆ ಹಾಕುವಂತಿಲ್ಲ ಅಷ್ಟೆ.