ಪದಚರ್ಚೆ: ಬಾಗಿಲು ಉಬ್ಬುತ್ತದೆ, ಕಂಬಿ ಹಿಗ್ಗುತ್ತದೆ, ಗಾಳಿ?

ಬಲ್ಲವರಿಂದ ಒಂದು ಸಲಹೆ ಬೇಕಿತ್ತು. ಪದ ದೊಡ್ಡದೇನಲ್ಲ, ‘ಹಿಗ್ಗು’. ಅದರ ಬೆನ್ನಿಗೆ ‘ಉಬ್ಬು’ ಕೂಡ ಬರುತ್ತದೆ.

ನಾನಿರುವುದು ಕಾಸರಗೋಡಿನ ಬದಿಯಡ್ಕದ ಕಡೆ. ಕನ್ನಡ ಮಾಧ್ಯಮದ ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತೇನೆ. ಬಿಸಿಯಾದರೆ ವಸ್ತುಗಳು ಹಿಗ್ಗುತ್ತವೆ, ತಣ್ಣಗಾದರೆ ಕುಗ್ಗುತ್ತವೆ ಎಂದು ಬೋರ್ಡಿನಲ್ಲಿ ಬರೆದೆ. ಹಿಂದಿನ ಬೆಂಚಿನಿಂದ ಒಬ್ಬ ಎದ್ದ. “ನಮ್ಮ ಮನೆಯಲ್ಲಿ ಉಲ್ಟಾ ಮಾಷ್ಟ್ರೇ. ಆಟಿ ತಿಂಗಳ ಮಳೆಗೆ ಬಾಗಿಲು ಉಬ್ಬಿ ಹಾಕಲಿಕ್ಕೇ ಆಗುವುದಿಲ್ಲ. ಬೇಸಿಗೆಯಲ್ಲಿ ಸಡಿಲ.” ಕ್ಲಾಸಿಗೆ ಕ್ಲಾಸೇ ನಕ್ಕಿತು. ಆದರೆ ಅವನು ನೋಡಿದ್ದರಲ್ಲಿ ತಪ್ಪೇ ಇಲ್ಲ. ನಮ್ಮ ಮನೆಯ ಹಲಸಿನ ಮರದ ಬಾಗಿಲಿನದ್ದೂ ಅದೇ ಹಾಡು.

ಅದು ಚಳಿಯ ಕೆಲಸವಲ್ಲ, ಸೆಕೆಯದ್ದೂ ಅಲ್ಲ. ಮರ ಗಾಳಿಯ ಪಸೆ ಹೀರಿಕೊಂಡು ಅಡ್ಡಕ್ಕೆ ಮಿಲಿಮೀಟರುಗಳ ಲೆಕ್ಕದಲ್ಲಿ ಬೆಳೆಯುತ್ತದೆ. ಉದ್ದಕ್ಕೆ ಬೆಳೆಯುವುದು ತೀರಾ ಕಡಿಮೆ. ಬರೀ ಬಿಸಿಯಿಂದ ಆಗುವ ಹಿಗ್ಗು ಇದರ ಮುಂದೆ ಏನೇನೂ ಅಲ್ಲ. 1 ಮೀಟರ್ ಉದ್ದದ ಕಬ್ಬಿಣದ ಸರಳು 1 ಡಿಗ್ರಿ ಬಿಸಿಯಾದರೆ ಉದ್ದವಾಗುವುದು 0.012 ಮಿಲಿಮೀಟರ್. 10 ಮೀಟರ್ ಕಂಬಿಯನ್ನು 30 ಡಿಗ್ರಿ ಕಾಯಿಸಿದರೂ 3.6 ಮಿಲಿಮೀಟರ್, ಅಷ್ಟೇ. ಕಣ್ಣಿಗೆ ಕಾಣುವುದು ಬಾಗಿಲು, ಪಾಠದಲ್ಲಿರುವುದು ಕಂಬಿ. ಮಕ್ಕಳು ಬಾಗಿಲನ್ನೇ ನಂಬುತ್ತಾರೆ.

ಅವತ್ತಿನಿಂದ ‘ಉಬ್ಬು’ ಎಲ್ಲೆಲ್ಲಿ ಬರುತ್ತದೆ ಎಂದು ಕಿವಿಗೊಟ್ಟು ಕೇಳತೊಡಗಿದೆ. ರಾತ್ರಿ ಇಟ್ಟ ದೋಸೆ ಹಿಟ್ಟು ಬೆಳಿಗ್ಗೆಗೆ ಉಬ್ಬುತ್ತದೆ. ಅದು ಹುಳಿ ಬರುವಾಗ ಹುಟ್ಟುವ ಗಾಳಿಯಿಂದ, ಹೆಚ್ಚಿನದು ಇಂಗಾಲದ ಡೈಆಕ್ಸೈಡ್. ಹಪ್ಪಳ ಎಣ್ಣೆಗೆ ಬಿದ್ದರೆ ಅರಳುತ್ತದೆ. ಒಳಗೆ ಉಳಿದ ಚೂರು ನೀರು ಉಗಿಯಾಗುತ್ತದೆ. ನೀರು ಉಗಿಯಾದರೆ ಸುಮಾರು 1,600 ಪಟ್ಟು ಜಾಗ ಬೇಕು, ಅಲ್ವಾ? ಎರಡೂ ತಣ್ಣಗಾದ ಮೇಲೆ ಹಳೆಯ ರೂಪಕ್ಕೆ ಬರುವುದಿಲ್ಲ. ಕಂಬಿ ಬರುತ್ತದೆ. ಮಕ್ಕಳಿಗೆ ನಾನು ಕೊಡುವ ಪರೀಕ್ಷೆ ಇಷ್ಟೇ: ತಣಿದರೆ ಮೊದಲಿನ ಅಳತೆಗೆ ಬರುತ್ತದಾ, ಇಲ್ವಾ?

ಉಬ್ಬು ಮಾಡುವ ದೊಡ್ಡ ಎಡವಟ್ಟು ಉದ್ದಿನವಡೆಯಲ್ಲಿದೆ. ತೂತಿರುವ ಕಬ್ಬಿಣದ ತಗಡನ್ನು ಕಾಯಿಸಿದರೆ ತೂತು ಏನಾಗುತ್ತದೆ ಎಂದು ಕೇಳಿ ನೋಡಿ. ಸಣ್ಣದಾಗುತ್ತದೆ ಎನ್ನುವವರೇ ಜಾಸ್ತಿ. ದೊಡ್ಡವರೂ ಹಾಗೇ ಹೇಳುತ್ತಾರೆ. ವಡೆಯ ತೂತು ಎಣ್ಣೆಯಲ್ಲಿ ಮುಚ್ಚಿಕೊಳ್ಳುತ್ತದಲ್ಲ! ಕಬ್ಬಿಣ ವಡೆಯ ಹಾಗೆ ಉಬ್ಬುವುದಿಲ್ಲ, ಫೋಟೋ ದೊಡ್ಡದು ಮಾಡಿದ ಹಾಗೆ ಪೂರ್ತಿ ದೊಡ್ಡದಾಗುತ್ತದೆ. ತೂತೂ ಜೊತೆಗೇ ದೊಡ್ಡದಾಗುತ್ತದೆ. ಎತ್ತಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ತೊಡಿಸುತ್ತಿದ್ದ ಆಚಾರಿಗಳಿಗೆ ಇದು ಗೊತ್ತಿತ್ತು. 1 ಮೀಟರ್ ಅಡ್ಡಳತೆಯ ಪಟ್ಟಿಯನ್ನು 400 ಡಿಗ್ರಿಯಷ್ಟು ಕಾಯಿಸಿದರೆ ಅದರ ಬಾಯಿ 5 ಮಿಲಿಮೀಟರಿನಷ್ಟು ಅಗಲವಾಗುತ್ತದೆ. ತೊಡಿಸಿ ನೀರು ಹೊಯ್ದರೆ ಕುಗ್ಗಿ ಕಚ್ಚಿ ಹಿಡಿಯುತ್ತದೆ.

ಹಾಗಾದರೆ ‘ಹಿಗ್ಗು’ ಒಳ್ಳೆಯದು ಅಂತಾಯಿತು. ಹಿಗ್ಗಿ ಹೀರೇಕಾಯಿ ಆಗುವುದು ಮನಸ್ಸಿನ ಸಂಗತಿ, ಅದರಿಂದ ತೊಂದರೆ ಇಲ್ಲ. ತೊಂದರೆ ‘ಹಿಗ್ಗಿಸು’ವಿನಲ್ಲಿದೆ. ನಮ್ಮದು ರಬ್ಬರಿನ ಊರು. ಇಲ್ಲಿ ರಬ್ಬರ್ ಎಳೆದರೆ ಹಿಗ್ಗುತ್ತದೆ ಎನ್ನುತ್ತಾರೆ. ಹಾಗಾಗಿ ಎಳೆದಾಗ ಆಗುವುದೂ ಕಾಯಿಸಿದಾಗ ಆಗುವುದೂ ಒಂದೇ ಎಂದು ಮಕ್ಕಳ ತಲೆಯಲ್ಲಿ ಕೂತುಬಿಡುತ್ತದೆ. ತಮಾಷೆ ನೋಡಿ: ರಬ್ಬರ್ ಬ್ಯಾಂಡಿಗೆ ತೂಕ ನೇತುಹಾಕಿ ಚೆನ್ನಾಗಿ ಜಗ್ಗಿಸಿ, ಆಮೇಲೆ ಕೂದಲು ಒಣಗಿಸುವ ಯಂತ್ರದಿಂದ ಬಿಸಿ ಗಾಳಿ ಬಿಡಿ. ತೂಕ ಮೇಲಕ್ಕೇರುತ್ತದೆ! ಜಗ್ಗಿದ ರಬ್ಬರ್ ಬಿಸಿಗೆ ಗಿಡ್ಡವಾಗುತ್ತದೆ. ಎಳೆದದ್ದಕ್ಕೆ ‘ಜಗ್ಗು’, ಕಾದದ್ದಕ್ಕೆ ‘ಹಿಗ್ಗು’ ಎಂದು ನಾನು ಬೇರೆ ಮಾಡಿಕೊಂಡಿದ್ದೇನೆ. ಇದು ನಿಮಗೆ ಒಪ್ಪಿಗೆಯಾ?

ನನ್ನ ನಿಜವಾದ ತಲೆನೋವು ಗಾಳಿ. ‘ಬಿಸಿಲಿಗೆ ಟೈರಿನ ಗಾಳಿ ಹಿಗ್ಗಿತು’ ಎನ್ನುತ್ತೇವೆ. ಎಲ್ಲಿಗೆ ಹಿಗ್ಗುವುದು? ಟೈರಿನೊಳಗಿನ ಜಾಗ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಹೆಚ್ಚಾಗುವುದು ಒತ್ತಡ. ಎಷ್ಟು ಹೆಚ್ಚಾಗುತ್ತದೆ ಎಂಬಲ್ಲಿ ಇನ್ನೊಂದು ಗುಂಡಿ ಇದೆ. ಉಷ್ಣತೆ 30ರಿಂದ 60 ಡಿಗ್ರಿಗೆ ಹೋದರೆ ಎರಡು ಪಟ್ಟಾಯಿತು ಎಂದು ಮಕ್ಕಳು ಲೆಕ್ಕ ಹಾಕುತ್ತಾರೆ. ಸೆಲ್ಸಿಯಸ್ಸಿನ ಸೊನ್ನೆ ನೀರು ಗಟ್ಟಿಯಾಗುವ ಗುರುತು ಮಾತ್ರ. ಗಾಳಿಯ ಲೆಕ್ಕ ಶುರುವಾಗುವುದು ಅದಕ್ಕಿಂತ 273 ಡಿಗ್ರಿ ಕೆಳಗಿನಿಂದ. ಅಂದರೆ 303ರಿಂದ 333. ಹೆಚ್ಚಿದ್ದು ಬರೀ ಹತ್ತು ಶೇಕಡಾ.

ಬಿಟ್ಟರೆ ಗಾಳಿ ದೊಡ್ಡದಾಗುತ್ತದೆ, ಸರಿ. ಅದೂ ಕಬ್ಬಿಣಕ್ಕಿಂತ ಸುಮಾರು ನೂರು ಪಟ್ಟು ಜಾಸ್ತಿ. ಕಬ್ಬಿಣ, ಹಿತ್ತಾಳೆ, ಗಾಜು ಒಂದೊಂದೂ ಒಂದೊಂದು ಅಳತೆಯಲ್ಲಿ ಹಿಗ್ಗುತ್ತವೆ. ಅನಿಲಗಳು ಹೆಚ್ಚುಕಡಿಮೆ ಎಲ್ಲವೂ ಒಂದೇ ಅಳತೆಯಲ್ಲಿ. ಫ್ರಾನ್ಸಿನ ವಿಜ್ಞಾನಿ ಗೇ-ಲುಸಾಕ್ 1802ರಲ್ಲೇ ಇದನ್ನು ತೋರಿಸಿದ. ಇಷ್ಟು ಬೇರೆಯಾಗಿ ನಡೆದುಕೊಳ್ಳುವ ಎರಡಕ್ಕೂ ಒಂದೇ ಪದ ಸಾಕಾ?

‘ಹರಡು’ ಹಾಕೋಣವೆಂದರೆ ಊದುಬತ್ತಿಯ ಪರಿಮಳ ಹರಡುವುದಕ್ಕೆ ಅದು ಬೇಕು. ‘ಅಗಲು’ ಎಂದರೆ ಯಾರೋ ತೀರಿಕೊಂಡ ಹಾಗೆ ಕೇಳುತ್ತದೆ. ‘ಊದು’ ಎಂದರೆ ಕಾಲು ಬಾತದ್ದು ನೆನಪಾಗುತ್ತದೆ. ಪುಸ್ತಕದ ‘ವ್ಯಾಕೋಚನ’ ಮಕ್ಕಳ ಬಾಯಲ್ಲಿ ತಿರುಗುವುದೇ ಇಲ್ಲ. ‘ಅನಿಲ’ ಎಂದರೇ ಪಕ್ಕದ ಮನೆಯ ಅಣ್ಣ ಎನ್ನುವವರು ಅವರು.

ಇನ್ನು ನಮ್ಮ ಗಡಿಯ ಪಾಡು. ಮಕ್ಕಳು ಮಲಯಾಳದ ವಿಡಿಯೊಗಳನ್ನೂ ನೋಡುತ್ತಾರೆ. ಅಲ್ಲಿ ಹಿಗ್ಗುವುದಕ್ಕೆ ‘ವಿಕಾಸಂ’. ನಮಗೆ ವಿಕಾಸವೆಂದರೆ ಮಂಗನಿಂದ ಮಾನವ ಎಂದು ಜನ ಹೇಳುವ ಕತೆ. ಆ ಕತೆಗೆ ಅವರು ‘ಪರಿಣಾಮಂ’ ಎನ್ನುತ್ತಾರೆ. ನಮ್ಮ ಪರಿಣಾಮವೇ ಬೇರೆ. ಒತ್ತಡಕ್ಕೆ ಅವರದ್ದು ‘ಮರ್ದಂ’. ಮನೆಯಲ್ಲಿ ತುಳು ಆಡುವ ಮಗುವಿಗೆ ಮರ್ದ್ ಎಂದರೆ ಮದ್ದು. ‘ಅನಿಲದ ಮರ್ದ’ ಎಂದು ಉತ್ತರಪತ್ರಿಕೆಯಲ್ಲಿ ಕಂಡಾಗ ಗ್ಯಾಸ್ಟ್ರಿಕ್ಕಿನ ಗುಳಿಗೆ ಇರಬೇಕು ಅಂದುಕೊಂಡೆ. ಮಾರ್ಕು ಮಾತ್ರ ಕೊಟ್ಟೆ.

ಸದ್ಯಕ್ಕೆ ಗಾಳಿಗೆ ನಾನು ಕ್ರಿಯಾಪದವನ್ನೇ ಬಿಟ್ಟಿದ್ದೇನೆ. ‘ಬಿಸಿಯಾದ ಗಾಳಿಗೆ ಜಾಸ್ತಿ ಜಾಗ ಬೇಕು. ಜಾಗ ಸಿಗದಿದ್ದರೆ ಗೋಡೆಯನ್ನು ಒತ್ತುತ್ತದೆ.’ ಇಷ್ಟೇ ಹೇಳುವುದು. ಇದರಿಂದ ಒಂದು ಲಾಭವೂ ಆಯಿತು. ಮೊದಲು ಚಿತ್ರ ಬರೆಯಲು ಹೇಳಿದರೆ ಮಕ್ಕಳು ಕಣಗಳನ್ನೇ ಉಬ್ಬಿಸಿ ಇಡ್ಲಿಯಷ್ಟು ಮಾಡುತ್ತಿದ್ದರು. ಉಬ್ಬಿದ್ದಕ್ಕೆ ತೂಕವೂ ಜಾಸ್ತಿ ಎನ್ನುತ್ತಿದ್ದರು. ಈಗ ಕಣಗಳು ಅಷ್ಟಕ್ಕಷ್ಟೇ ಇವೆ, ನಡುವಿನ ಜಾಗ ಹೆಚ್ಚಾಗಿದೆ. ಆದರೆ ‘ಜಾಗ ಬೇಕಾಗುವಿಕೆ’ ಎಂದು ಪಾಠಕ್ಕೆ ಹೆಸರಿಡಲು ಆಗುತ್ತದಾ? ಪದವಂತೂ ಬೇಕು.

ಕೇಳುವುದು ಎರಡೇ. ಗಾಳಿ ಬಿಸಿಯಾಗಿ ದೊಡ್ಡದಾಗುವುದಕ್ಕೆ ನಿಮ್ಮ ಕಡೆ ಆಡುಮಾತಿನಲ್ಲಿ ಬೇರೆ ಪದ ಇದೆಯಾ? ಬಲೆ, ಬೋಟು, ಕುಲುಮೆ, ಸೈಕಲ್ ಶಾಪು, ಎಲ್ಲಿಯದ್ದಾದರೂ ಸರಿ. ಮತ್ತೆ ಆ ಹುಡುಗನ ಬಾಗಿಲು. ಪಸೆ ಕುಡಿದು ದಪ್ಪವಾದ ಮರಕ್ಕೆ ತುಳುವಿನಲ್ಲಿ, ಹವ್ಯಕದಲ್ಲಿ, ಕರಾಡದಲ್ಲಿ ಏನು ಹೇಳುತ್ತಾರೆ? ಅದಕ್ಕೊಂದು ಬೇರೆ ಮಾತು ಸಿಕ್ಕಿದರೆ ‘ಉಬ್ಬು’ವನ್ನು ದೋಸೆ ಹಿಟ್ಟಿಗೇ ಬಿಟ್ಟುಕೊಡಬಹುದು. ಹುಡುಗ ಬಾಗಿಲಿನ ಸಂದಿಗೆ ಹಳೆಯ ಪೋಸ್ಟ್‌ಕಾರ್ಡು ತೂರಿಸಿ ವಾರಕ್ಕೊಮ್ಮೆ ಅಳೆಯುತ್ತಿದ್ದಾನೆ. ಮೊನ್ನೆಯ ಮಳೆಗೆ ಮೂರು ಕಾರ್ಡು ಹಿಡಿಯುತ್ತಿದ್ದಲ್ಲಿ ಒಂದೇ ಹಿಡಿಯಿತಂತೆ.